ಅಮ್ಮನ ಐದು ಪ್ರಯಾಣಕ್ಕೆ 56 ಡಾಲರ್: ಏರ್‌ಲೈನ್ ಪಾಯಿಂಟ್ಸ್ ಮತ್ತು ಕಂಪ್ಯಾನಿಯನ್ ಪಾಸ್ ಬಳಸುವ ಬಗೆ

ಅಮ್ಮ ಹಾಸನದಿಂದ ಡಾಲಸ್‌ಗೆ ಬಂದು ಐದು ತಿಂಗಳು ನಮ್ಮ ಜೊತೆ ಇದ್ದರು. ಅಷ್ಟರಲ್ಲಿ ಐದು ಸಲ ವಿಮಾನ ಹತ್ತಿಸಿದೆ. ನಯಾಗರ ನೋಡಲು ಬಫಲೋ. ಗ್ರ್ಯಾಂಡ್ ಕ್ಯಾನಿಯನ್‌ಗೆ ಅಂತ ಫೀನಿಕ್ಸ್. ಅಕ್ಕನ ಮನೆ ಇರುವ ಸ್ಯಾನ್ ಹೋಸೆ. ಮಕ್ಕಳ ಹಟಕ್ಕೆ ಒರ್ಲ್ಯಾಂಡೋ. ವಾಷಿಂಗ್ಟನ್ ನೋಡಲು ಬಾಲ್ಟಿಮೋರ್. ಹೋಗಿ ಬರುವುದು ಸೇರಿ ಹತ್ತು ಪ್ರಯಾಣ. ಅಮ್ಮನ ಟಿಕೆಟ್‌ಗೆ ಒಟ್ಟು ಕೊಟ್ಟಿದ್ದು 56 ಡಾಲರ್. ಅದೂ ಸರ್ಕಾರದ ಭದ್ರತಾ ಶುಲ್ಕ, ಒಂದು ಕಡೆಗೆ 5 ಡಾಲರ್ 60 ಸೆಂಟ್.

ಇದು ಸೌತ್‌ವೆಸ್ಟ್ ಏರ್‌ಲೈನ್ಸ್‌ನ ಕಂಪ್ಯಾನಿಯನ್ ಪಾಸ್‌ನಿಂದ ಆಗಿದ್ದು. ಅಮೆರಿಕದಲ್ಲಿರುವ ನಮ್ಮವರು ತುಂಬಾ ಜನ ಇದರ ಹೆಸರು ಕೇಳಿರುತ್ತಾರೆ. ಆದರೆ "ಅದೆಲ್ಲ ತಲೆನೋವು" ಅಂತ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಪಾಸ್ ತಗೊಂಡು ಸರಿಯಾಗಿ ಬಳಸದೆ ವರ್ಷ ಕಳೆಯುತ್ತಾರೆ. ಎರಡೂ ಬೇಸರದ ವಿಷಯ. ಇದರಲ್ಲಿ ಮುಖ್ಯವಾದದ್ದು ಒಂದೇ, ಕ್ಯಾಲೆಂಡರ್. ಪಾಯಿಂಟ್ಸ್ (ಟಿಕೆಟ್‌ಗೆ ದುಡ್ಡಿನ ಬದಲು ಬಳಸುವ ಅಂಕಗಳು) ಎಷ್ಟು ಬಂತು ಅನ್ನುವುದಕ್ಕಿಂತ ಯಾವ ತಿಂಗಳಲ್ಲಿ ಬಂತು, ಆ ಹೊತ್ತಿಗೆ ನಿಮ್ಮ ಜೊತೆ ಪ್ರಯಾಣ ಮಾಡಲು ಯಾರಿದ್ದಾರೆ ಅನ್ನುವುದರ ಮೇಲೆ ಲಾಭ ನಿಂತಿದೆ.

ಪಾಸ್ ಅಂದರೆ ಏನು

ನೀವು ಒಬ್ಬರನ್ನು ಸಂಗಾತಿ ಅಂತ ಹೆಸರಿಸುತ್ತೀರಿ. ಪಾಸ್ ಇರುವಷ್ಟು ದಿನ ನೀವು ಸೌತ್‌ವೆಸ್ಟ್‌ನಲ್ಲಿ ಎಲ್ಲಿಗೆ ಹೋದರೂ ಅವರು ನಿಮ್ಮ ಜೊತೆ ಬರಬಹುದು. ಅವರಿಗೆ ಟಿಕೆಟ್ ದರ ಇಲ್ಲ, ತೆರಿಗೆ ಮತ್ತು ಶುಲ್ಕ ಮಾತ್ರ. ಎಷ್ಟು ಸಲ ಅನ್ನುವ ಮಿತಿ ಇಲ್ಲ. ವಿಮಾನದಲ್ಲಿ ಮಾರಾಟಕ್ಕೆ ಒಂದು ಸೀಟು ಉಳಿದಿದ್ದರೆ ಸಾಕು.

ಇಲ್ಲಿ ಗಮನಿಸಬೇಕಾದ ಮಾತು ಇನ್ನೊಂದಿದೆ. ನಿಮ್ಮ ಟಿಕೆಟ್‌ಗೆ ನೀವು ದುಡ್ಡು ಕೊಡಬೇಕು ಅಂತೇನೂ ಇಲ್ಲ. ಪಾಯಿಂಟ್ಸ್‌ನಿಂದ ತಗೊಂಡ ಟಿಕೆಟ್ ಆದರೂ ಸಂಗಾತಿಯನ್ನು ಸೇರಿಸಬಹುದು. ಅಂದರೆ ಪಾಸ್ ಗಳಿಸಲು ಕೂಡಿಸಿದ ಪಾಯಿಂಟ್ಸ್ ಕೈಯಲ್ಲೇ ಉಳಿದಿರುತ್ತದೆ, ಅದರಿಂದಲೇ ನಿಮ್ಮ ಟಿಕೆಟ್ ಬರುತ್ತದೆ, ಜೊತೆಗೆ ಇನ್ನೊಬ್ಬರು ಬರುತ್ತಾರೆ. ಬೇರೆ ಕಂಪನಿಗಳ ಪಾಸ್‌ಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಸಿಗುವುದಿಲ್ಲ.

ಪಾಸ್ ಪಡೆಯಲು ಎರಡು ದಾರಿ. ಜನವರಿ 1ರಿಂದ ಡಿಸೆಂಬರ್ 31ರ ಒಳಗೆ 1,35,000 ಅರ್ಹ ಪಾಯಿಂಟ್ಸ್ (ಯಾವುದು ಅರ್ಹ ಅಂತ ಹೆಜ್ಜೆ 3ರಲ್ಲಿದೆ) ಗಳಿಸಬೇಕು, ಇಲ್ಲವೇ 100 ಒಂದು-ಕಡೆಯ ಪ್ರಯಾಣ ಮಾಡಬೇಕು. ಕನ್ಸಲ್ಟಿಂಗ್ ಕೆಲಸದಲ್ಲಿ ಸೋಮವಾರ ಹೋಗಿ ಗುರುವಾರ ಬರುವವರಿಗೆ ಎರಡನೆಯದು ತಾನಾಗೇ ಆಗಬಹುದು. ಉಳಿದ ನಮಗೆಲ್ಲ ಮೊದಲನೆಯದೇ.

ಹೆಜ್ಜೆ 1: ನಿಮ್ಮ ಮನೆಗೆ ಇದು ಹೊಂದುತ್ತಾ ನೋಡಿ

ಪಾಯಿಂಟ್ಸ್ ಕೊಡುವ ಕ್ರೆಡಿಟ್ ಕಾರ್ಡ್‌ಗೆ ಅರ್ಜಿ ಹಾಕುವ ಮೊದಲು ಒಂದು ಹಾಳೆ ತಗೊಳ್ಳಿ. ಮುಂದಿನ ಎರಡು ವರ್ಷದಲ್ಲಿ ನೀವು ಇನ್ನೊಬ್ಬರ ಜೊತೆ ದೇಶದೊಳಗೆ ಮಾಡಬಹುದಾದ ಪ್ರಯಾಣಗಳನ್ನು ಬರೆಯಿರಿ. ಅಪ್ಪ ಅಮ್ಮ ಬರುವ ತಿಂಗಳು. ಮಕ್ಕಳ ಬೇಸಿಗೆ ರಜೆ. ಥ್ಯಾಂಕ್ಸ್‌ಗಿವಿಂಗ್‌ಗೆ ಅಣ್ಣನ ಮನೆ. ಅಮೆರಿಕದ ಕನ್ನಡಿಗರ "ಅಕ್ಕ" ಸಮ್ಮೇಳನಕ್ಕೆ ಹೋಗುವ ಆಸೆ ಇದ್ದರೆ ಅದನ್ನೂ ಬರೆಯಿರಿ. ಅದು ಲೇಬರ್ ಡೇ ವಾರಾಂತ್ಯಕ್ಕೆ ಬಂದರೆ ಟಿಕೆಟ್ ದರ ಗಗನಕ್ಕೇರಿರುತ್ತದೆ. ಟಿಕೆಟ್ ದುಬಾರಿ ಆದಷ್ಟೂ ಪಾಸ್‌ನ ಬೆಲೆ ಜಾಸ್ತಿ.

ಪಟ್ಟಿಯಲ್ಲಿ ನಾಲ್ಕು ಪ್ರಯಾಣಕ್ಕಿಂತ ಕಡಿಮೆ ಇದ್ದರೆ ಇಷ್ಟೆಲ್ಲ ಕಷ್ಟ ಬೇಡ ಅಂತ ನನ್ನ ಅಭಿಪ್ರಾಯ. ಹಾಗೇ ನಿಮ್ಮ ಊರಿನ ವಿಮಾನ ನಿಲ್ದಾಣದಿಂದ ಸೌತ್‌ವೆಸ್ಟ್ ಹೊರಡುತ್ತಾ ನೋಡಿ. ಡಾಲಸ್‌ನಲ್ಲಿ ಅದು ದೊಡ್ಡ ಡಿಎಫ್‌ಡಬ್ಲ್ಯು ನಿಲ್ದಾಣದಿಂದಲ್ಲ, ಲವ್ ಫೀಲ್ಡ್‌ನಿಂದ ಹೊರಡುತ್ತದೆ. 1971ರಲ್ಲಿ ಡಾಲಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೋ ಈ ಮೂರು ಊರಿನ ನಡುವೆ ಹಾರಾಟ ಶುರು ಮಾಡಿದ ಕಂಪನಿ ಅದು. ಈಗ ಹವಾಯಿ, ಮೆಕ್ಸಿಕೋ, ಕೆರಿಬಿಯನ್ ತನಕ ಹೋಗುತ್ತದೆ. ಇಂಡಿಯಾಗೆ ಅದರ ವಿಮಾನ ಇಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೆಜ್ಜೆ 2: ಜನವರಿಗೆ ಗುರಿ ಇಡಿ

ಪಾಸ್ ಸಿಕ್ಕ ವರ್ಷದ ಉಳಿದ ದಿನಗಳು, ಜೊತೆಗೆ ಮುಂದಿನ ವರ್ಷ ಪೂರ್ತಿ ಅದು ನಡೆಯುತ್ತದೆ. ಫೆಬ್ರವರಿಯಲ್ಲಿ ಸಿಕ್ಕರೆ ಸುಮಾರು 22 ತಿಂಗಳು ಕೈಯಲ್ಲಿರುತ್ತದೆ. ನವೆಂಬರ್‌ನಲ್ಲಿ ಸಿಕ್ಕರೆ 13 ತಿಂಗಳು. ಖರ್ಚು ಅಷ್ಟೇ, ಶ್ರಮ ಅಷ್ಟೇ, ಸಿಗುವುದು ಮಾತ್ರ ಅರ್ಧಕ್ಕೆ ಹತ್ತಿರ.

ಇನ್ನೊಂದು ಅಪಾಯವೂ ಇದೆ. ಡಿಸೆಂಬರ್ 31ರ ರಾತ್ರಿಗೆ ಪಾಸ್‌ನ ಲೆಕ್ಕ ಮತ್ತೆ ಸೊನ್ನೆಗೆ ಹೋಗುತ್ತದೆ. ನಿಮ್ಮ ಪಾಯಿಂಟ್ಸ್ ಎಲ್ಲೂ ಹೋಗುವುದಿಲ್ಲ, ಟಿಕೆಟ್ ತಗೊಳ್ಳಬಹುದು. ಆದರೆ ಪಾಸ್‌ಗೆ ಎಣಿಸುವ ಲೆಕ್ಕ ಹೊಸದಾಗಿ ಶುರು. ಡಿಸೆಂಬರ್‌ನಲ್ಲಿ 70,000 ಬಂದು ಜನವರಿಯಲ್ಲಿ 70,000 ಬಂದರೆ ಪಾಸ್ ಇಲ್ಲ. ಎರಡೂ ಜನವರಿಯಲ್ಲಿ ಬಂದರೆ ಪಾಸ್ ಇದೆ. ಹೀಗೆ ಕೈತಪ್ಪಿದ ಎರಡು ಮನೆಗಳನ್ನು ನಾನೇ ನೋಡಿದ್ದೇನೆ. ಅವರಿಗೆ ಮೊದಲೇ ಒಂದು ಮಾತು ಹೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಹಾಗಾದರೆ ಮಾಡುವುದು ಹೇಗೆ? ಸೌತ್‌ವೆಸ್ಟ್ ಹೆಸರಿನ ಕ್ರೆಡಿಟ್ ಕಾರ್ಡ್‌ನ ಸ್ವಾಗತ ಬೋನಸ್, ಅಂದರೆ ಹೊಸದಾಗಿ ಕಾರ್ಡ್ ತಗೊಂಡವರಿಗೆ ಒಟ್ಟಿಗೆ ಕೊಡುವ ಪಾಯಿಂಟ್ಸ್, ಪಡೆಯಲು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಇಷ್ಟು ಡಾಲರ್ ಖರ್ಚು ಮಾಡಬೇಕು ಅಂತ ಇರುತ್ತದೆ. ಕಾರ್ಡನ್ನು ಅಕ್ಟೋಬರ್ ಕೊನೆಗೋ ನವೆಂಬರ್‌ನಲ್ಲೋ ತಗೊಳ್ಳಿ. ಖರ್ಚನ್ನು ನಿಧಾನಕ್ಕೆ ಮಾಡಿ. ಗುರಿಗೆ ಇನ್ನೂರು ಮುನ್ನೂರು ಡಾಲರ್ ಬಾಕಿ ಇರುವಾಗ ನಿಲ್ಲಿಸಿ. ಡಿಸೆಂಬರ್ ತಿಂಗಳ ಸ್ಟೇಟ್‌ಮೆಂಟ್ (ಕಾರ್ಡ್‌ನ ತಿಂಗಳ ಬಿಲ್) ಮುಚ್ಚಿದ ಮೇಲೆ ಆ ಬಾಕಿ ಮುಗಿಸಿ. ಆಗ ಬೋನಸ್ ಜನವರಿ ಸ್ಟೇಟ್‌ಮೆಂಟ್ ಜೊತೆ ಬರುತ್ತದೆ.

ಇದರಲ್ಲಿ ಎರಡು ದಿನಾಂಕ ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಲೇಬೇಕು. ಒಂದು, ನಿಮ್ಮ ಸ್ಟೇಟ್‌ಮೆಂಟ್ ಮುಚ್ಚುವ ದಿನ. ಇನ್ನೊಂದು, ಬೋನಸ್‌ಗೆ ಕೊಟ್ಟ ಕೊನೆಯ ದಿನ. ಕೊನೆಯ ದಿನ ಕಾರ್ಡ್ ಮನೆಗೆ ಬಂದ ದಿನದಿಂದಲ್ಲ, ಅರ್ಜಿ ಒಪ್ಪಿಗೆ ಆದ ದಿನದಿಂದ ಎಣಿಸುತ್ತಾರೆ ಅಂದುಕೊಂಡೇ ನಡೆಯಿರಿ. ಅನುಮಾನ ಇದ್ದರೆ ಬ್ಯಾಂಕಿನ ಚಾಟ್‌ನಲ್ಲಿ ಕೇಳಿ, ಆ ಉತ್ತರದ ಫೋಟೋ ತೆಗೆದಿಟ್ಟುಕೊಳ್ಳಿ.

ಹೆಜ್ಜೆ 3: ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ

ಜಾಸ್ತಿ ಜನ ಎಡವುವ ಜಾಗ ಇದು.

ಸೌತ್‌ವೆಸ್ಟ್ ಹೆಸರಿನ ಚೇಸ್ ಬ್ಯಾಂಕಿನ ಕಾರ್ಡ್‌ಗಳ ಸ್ವಾಗತ ಬೋನಸ್, ಆ ಕಾರ್ಡ್‌ನಲ್ಲಿ ಮಾಡಿದ ಖರ್ಚಿಗೆ ಬರುವ ಪಾಯಿಂಟ್ಸ್, ವಿಮಾನ ಹತ್ತಿ ಗಳಿಸಿದ ಪಾಯಿಂಟ್ಸ್ ಪಾಸ್ ಲೆಕ್ಕಕ್ಕೆ ಬರುತ್ತವೆ. ಸೌತ್‌ವೆಸ್ಟ್‌ನ ಶಾಪಿಂಗ್ ಪೋರ್ಟಲ್ ಮೂಲಕ ಹೋಗಿ ಕೊಂಡ ಸಾಮಾನಿನ ಪಾಯಿಂಟ್ಸ್ ಕೂಡ ಬರುತ್ತವೆ. ಕಾರ್ಡ್ ಇರುವವರಿಗೆ ಪ್ರತಿ ವರ್ಷ 10,000 ಅರ್ಹ ಪಾಯಿಂಟ್ಸ್ ಪಾಸ್ ಲೆಕ್ಕಕ್ಕೆ ಮಾತ್ರ ಸುಮ್ನೆ ಸೇರುತ್ತದೆ. ಹಾಗಾಗಿ ನಿಜವಾದ ಗುರಿ 1,25,000.

ಲೆಕ್ಕಕ್ಕೆ ಬಾರದ್ದು: ದುಡ್ಡು ಕೊಟ್ಟು ಕೊಂಡ ಪಾಯಿಂಟ್ಸ್, ಬೇರೆಯವರು ನಿಮಗೆ ವರ್ಗಾಯಿಸಿದ ಪಾಯಿಂಟ್ಸ್, ಮತ್ತು ಚೇಸ್‌ನ ಬೇರೆ ಕಾರ್ಡ್‌ಗಳು ಕೊಡುವ ಅಲ್ಟಿಮೇಟ್ ರಿವಾರ್ಡ್ಸ್ ಅನ್ನುವ ಪಾಯಿಂಟ್ಸ್‌ನಿಂದ ಕಳಿಸಿದ್ದು. ಈ ಕೊನೆಯದು ಗೊತ್ತಿಲ್ಲದೆ ತುಂಬಾ ಜನ ಮೋಸ ಹೋಗುತ್ತಾರೆ. ಅಲ್ಟಿಮೇಟ್ ರಿವಾರ್ಡ್ಸ್ ಪಾಯಿಂಟ್ಸ್ ಸೌತ್‌ವೆಸ್ಟ್‌ಗೆ ಒಂದಕ್ಕೊಂದು ಲೆಕ್ಕದಲ್ಲಿ ಹೋಗುತ್ತದೆ, ಟಿಕೆಟ್‌ಗೆ ಬಳಸಬಹುದು. ಪಾಸ್‌ಗೆ ಮಾತ್ರ ಎಣಿಸುವುದಿಲ್ಲ. ಒಮ್ಮೆ ಕಳಿಸಿದರೆ ವಾಪಸ್ ಬರುವುದೂ ಇಲ್ಲ.

ಗಂಡ ಹೆಂಡತಿ ಇಬ್ಬರ ಖಾತೆಯ ಪಾಯಿಂಟ್ಸ್ ಸೇರಿಸಿ ಒಂದು ಪಾಸ್ ಮಾಡಲು ಆಗುವುದಿಲ್ಲ. ಒಂದು ಖಾತೆಯಲ್ಲೇ ಪೂರ್ತಿ ಆಗಬೇಕು.

ಬರೀ ವಿಮಾನ ಹತ್ತಿ ಗಳಿಸೋಣ ಅಂದರೆ ಈಗ ಕಷ್ಟ. 2025ರಲ್ಲಿ ಅತಿ ಅಗ್ಗದ ಟಿಕೆಟ್‌ಗೆ ಕೊಡುವ ಪಾಯಿಂಟ್ಸ್ ಡಾಲರ್‌ಗೆ 6ರಿಂದ 2ಕ್ಕೆ ಇಳಿಯಿತು. ಆ ಲೆಕ್ಕದಲ್ಲಿ 1,35,000 ಪಾಯಿಂಟ್ಸ್‌ಗೆ 67,500 ಡಾಲರ್‌ನ ಟಿಕೆಟ್ ಕೊಳ್ಳಬೇಕು! ಹಾಗಾಗಿ ಕಾರ್ಡ್ ಬೋನಸ್ ಬಿಟ್ಟರೆ ಬೇರೆ ದಾರಿ ಸಾಮಾನ್ಯ ಮನೆಗಳಿಗೆ ಇಲ್ಲ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಒಂದು ವೈಯಕ್ತಿಕ ಕಾರ್ಡ್‌ನ ಬೋನಸ್ 60,000 ಅಂದುಕೊಳ್ಳಿ. ಅದರ ಖರ್ಚಿನಿಂದ 3,000. ಒಂದು ಬ್ಯುಸಿನೆಸ್ ಕಾರ್ಡ್‌ನ ಬೋನಸ್ 60,000. ಅದರ ಖರ್ಚಿನಿಂದ 3,000. ಸುಮ್ನೆ ಸಿಗುವ 10,000. ಒಟ್ಟು 1,36,000. ಪಾಸ್ ಬಂತು. ಕೈಯಲ್ಲಿ 1,26,000 ಪಾಯಿಂಟ್ಸ್ ಕೂಡ ಇದೆ. ಬೋನಸ್‌ಗಳು ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ, ಅರ್ಜಿ ಹಾಕುವ ದಿನದ ಷರತ್ತು ಓದಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು, ದಯವಿಟ್ಟು ಗಮನಿಸಿ. ಬ್ಯುಸಿನೆಸ್ ಕಾರ್ಡ್‌ಗೆ ನಿಜವಾದ ವ್ಯಾಪಾರ ಇರಬೇಕು. ಮನೆಯಿಂದ ಭರತನಾಟ್ಯ ಕ್ಲಾಸ್ ನಡೆಸುವವರು, ಮನೆ ಬಾಡಿಗೆಗೆ ಕೊಟ್ಟಿರುವವರು, ಕೇಟರಿಂಗ್ ಮಾಡುವವರು ತಗೊಳ್ಳಬಹುದು. ಆದರೆ ಎಚ್-1ಬಿ ವೀಸಾದಲ್ಲಿ ಇರುವವರಿಗೆ ತಮ್ಮ ಕಂಪನಿ ಬಿಟ್ಟು ಬೇರೆ ಕೆಲಸ ಮಾಡಲು ಅನುಮತಿ ಇಲ್ಲ. "ಎಲ್ಲರೂ ಹಾಕ್ತಾರೆ, ನೀನೂ ಹಾಕು" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇಲ್ಲದ ವ್ಯಾಪಾರ ತೋರಿಸಿ ಸಹಿ ಹಾಕುವುದು ತಪ್ಪು. ಒಂದು ವಿಮಾನದ ಸೀಟಿಗೋಸ್ಕರ ವೀಸಾಗೆ ಕುತ್ತು ತಂದುಕೊಳ್ಳುವುದು ಬೇಡ.

ಎಚ್-1ಬಿ ಮನೆಗಳಿಗೆ ಬೇರೆ ದಾರಿ ಇದೆ. ಕೆಲವು ವರ್ಷ ಫೆಬ್ರವರಿ, ಮಾರ್ಚ್ ಹೊತ್ತಿಗೆ ವೈಯಕ್ತಿಕ ಕಾರ್ಡ್‌ನ ಸ್ವಾಗತ ಬೋನಸ್‌ನಲ್ಲೇ ಪಾಸ್ ಕೊಡುತ್ತಾರೆ. 2024ರಲ್ಲೂ 2025ರಲ್ಲೂ 30,000 ಪಾಯಿಂಟ್ಸ್ ಜೊತೆಗೆ ಮುಂದಿನ ವರ್ಷದ ಫೆಬ್ರವರಿ 28ರ ತನಕ ನಡೆಯುವ ಪಾಸ್ ಕೊಟ್ಟಿದ್ದರು. ಅವಧಿ ಕಡಿಮೆ, ನಿಜ. ಆದರೆ ಒಂದೇ ಕಾರ್ಡ್ ಸಾಕು. ಏಪ್ರಿಲ್‌ನಲ್ಲಿ ಅತ್ತೆ ಮಾವ ಬರುವವರಿದ್ದರೆ ಇದು ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ.

ಹೆಜ್ಜೆ 4: ಹೊಸ ಖರ್ಚು ಹುಟ್ಟಿಸಬೇಡಿ

ಬೋನಸ್‌ಗಾಗಿ ಬೇಡದ ಸಾಮಾನು ಕೊಂಡರೆ ಪಾಯಿಂಟ್ಸ್ ಬಂದು ಏನು ಉಪಯೋಗ? ಹೇಗಿದ್ದರೂ ಆಗುವ ಖರ್ಚನ್ನು ಆ ಮೂರು ತಿಂಗಳಿಗೆ ತನ್ನಿ. ಕಾರಿನ ಇನ್ಶೂರೆನ್ಸ್ ಆರು ತಿಂಗಳದ್ದು ಒಟ್ಟಿಗೆ ಕಟ್ಟಿ. ಮಕ್ಕಳ ಬೇಸಿಗೆ ಕ್ಯಾಂಪ್‌ಗೆ ಜನವರಿಯಲ್ಲೇ ದುಡ್ಡು ಕಟ್ಟಬೇಕಾಗುತ್ತದೆ, ಅದನ್ನು ಇದರಲ್ಲೇ ಕಟ್ಟಿ. ಎಲ್ಲಕ್ಕಿಂತ ಒಳ್ಳೆಯದು ಅಪ್ಪ ಅಮ್ಮನ ಇಂಡಿಯಾ ಟಿಕೆಟ್. ಇಬ್ಬರಿಗೆ ತಗೊಂಡರೆ ಬೋನಸ್‌ನ ಗುರಿಯ ಬಹುಪಾಲು ಅಲ್ಲೇ ಮುಗಿಯುತ್ತದೆ. ನಾನು ಮಾಡಿದ್ದು ಹಾಗೇ. ಅಮ್ಮ ಇಲ್ಲಿಗೆ ಬರುವ ಟಿಕೆಟ್‌ನ ಖರ್ಚೇ, ಅಮ್ಮನನ್ನು ಇಲ್ಲಿ ಸುತ್ತಾಡಿಸುವ ಪಾಸ್‌ಗೆ ದಾರಿ ಆಯಿತು.

ತಿಂಗಳ ಬಿಲ್ ಪೂರ್ತಿ ಕಟ್ಟಲು ಆಗದಿದ್ದರೆ ಈ ಲೇಖನ ಇಲ್ಲಿಗೇ ಬಿಟ್ಟುಬಿಡಿ. ಈ ಕಾರ್ಡ್‌ಗಳ ಬಡ್ಡಿ ವರ್ಷಕ್ಕೆ ಸಾಮಾನ್ಯವಾಗಿ 20% ಮೇಲೆ ಇರುತ್ತದೆ. ಬಾಕಿ ಉಳಿಸುತ್ತಾ ಹೋದರೆ ಗಳಿಸಿದ ಲಾಭ ಬಡ್ಡಿಗೆ ಹೋಗುತ್ತದೆ. ವಾರ್ಷಿಕ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಿ. 2025ರ ಬದಲಾವಣೆಯ ನಂತರ ಸೌತ್‌ವೆಸ್ಟ್‌ನ ವೈಯಕ್ತಿಕ ಕಾರ್ಡ್‌ಗಳ ಶುಲ್ಕ 99, 149 ಮತ್ತು 229 ಡಾಲರ್ ಆಗಿದೆ.

ಹೆಜ್ಜೆ 5: ಒಂದು ಪಾಯಿಂಟ್‌ನ ಬೆಲೆ ನೀವೇ ಲೆಕ್ಕ ಹಾಕಿ

ಸೂತ್ರ ಸುಲಭ. ದುಡ್ಡಿನ ದರದಿಂದ ತೆರಿಗೆ ಕಳೆಯಿರಿ, ಬಂದಿದ್ದನ್ನು ಪಾಯಿಂಟ್ಸ್‌ನಿಂದ ಭಾಗಿಸಿ. ಟಿಕೆಟ್ 186.40 ಡಾಲರ್, ಇಲ್ಲವೇ 13,500 ಪಾಯಿಂಟ್ಸ್ ಮತ್ತು 5.60 ಡಾಲರ್ ಅಂತ ತೋರಿಸಿದರೆ, 180.80 ಡಾಲರ್ ಭಾಗಿಸು 13,500. ಒಂದು ಪಾಯಿಂಟ್‌ಗೆ ಸುಮಾರು 1.34 ಸೆಂಟ್ ಬಂತು. ಪಾಸ್ ಇದ್ದು ಸಂಗಾತಿ ಜೊತೆಗಿದ್ದರೆ ಅದೇ 13,500ಕ್ಕೆ ಇಬ್ಬರು ಹೋಗುತ್ತೀರಿ. ಹೆಚ್ಚುಕಡಿಮೆ 2.7 ಸೆಂಟ್.

ಮೊದಲು ಸೌತ್‌ವೆಸ್ಟ್‌ನಲ್ಲಿ ಈ ಬೆಲೆ ಎಲ್ಲ ವಿಮಾನಕ್ಕೂ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು. 2025ರಿಂದ ಬೇಡಿಕೆ ನೋಡಿ ಬದಲಾಗುತ್ತದೆ. ಹಾಗಾಗಿ ಪ್ರತಿ ಸಲ ಲೆಕ್ಕ ಹಾಕಿ. ಒಂದು ಸೆಂಟ್‌ಗಿಂತ ಕೆಳಗೆ ಬಂದರೆ ಬೇರೆ ದಿನ ನೋಡಿ, ಇಲ್ಲವೇ ದುಡ್ಡು ಕೊಟ್ಟೇ ಟಿಕೆಟ್ ತಗೊಳ್ಳಿ. ದುಡ್ಡಿನ ಟಿಕೆಟ್ ಆದರೂ ಸಂಗಾತಿ ಬರಬಹುದಲ್ವಾ.

ಇಲ್ಲಿ ನಮಗೆ ನಾವೇ ಪ್ರಾಮಾಣಿಕವಾಗಿರಬೇಕು. ಅದೇ ಊರಿಗೆ ಬೇರೆ ಕಂಪನಿಯಲ್ಲಿ ಒಬ್ಬರಿಗೆ 110 ಡಾಲರ್‌ಗೆ ನೇರ ವಿಮಾನ ಇದ್ದರೆ, ನಿಮ್ಮ ನಿಜವಾದ ಉಳಿತಾಯ ಆ 110ರ ಲೆಕ್ಕದಲ್ಲೇ ಇರಬೇಕು, 186ರ ಲೆಕ್ಕದಲ್ಲಲ್ಲ. ಬ್ಯಾಗಿನ ಶುಲ್ಕವನ್ನೂ ಮರೆಯಬೇಡಿ. ಸೌತ್‌ವೆಸ್ಟ್‌ನಲ್ಲಿ ಎರಡು ಬ್ಯಾಗ್ ಎಲ್ಲರಿಗೂ ಉಚಿತ ಅನ್ನುವ ಕಾಲ 2025ರ ಮೇ 28ಕ್ಕೆ ಮುಗಿಯಿತು. ಅಂದಿನಿಂದ ಹೆಚ್ಚಿನ ಟಿಕೆಟ್‌ಗಳಿಗೆ ಮೊದಲ ಬ್ಯಾಗಿಗೆ 35, ಎರಡನೆಯದಕ್ಕೆ 45 ಡಾಲರ್ ಅಂತ ಶುರು ಮಾಡಿದರು. ಅವರ ಕಾರ್ಡ್ ಇರುವವರಿಗೆ ಒಂದು ಬ್ಯಾಗ್ ಉಚಿತ. ಮೂರು ದಿನದ ಪ್ರವಾಸಕ್ಕೆ ಕೈಚೀಲದಲ್ಲೇ ಮುಗಿಸಿಬಿಡಿ. ಅಮ್ಮ ಮಾತ್ರ ಚಕ್ಕುಲಿ ಡಬ್ಬ ಬಿಟ್ಟು ಹೊರಡುತ್ತಿರಲಿಲ್ಲ. ಅದು ಕೈಚೀಲದಲ್ಲಿ ಹೋಗುತ್ತದೆ, ತೊಂದರೆ ಇಲ್ಲ. ಉಪ್ಪಿನಕಾಯಿ ಬಾಟಲಿ ಹೋಗುವುದಿಲ್ಲ.

ಹೆಜ್ಜೆ 6: ಬುಕ್ ಮಾಡುವ ಕ್ರಮ

ಮೊದಲು ನಿಮ್ಮ ಟಿಕೆಟ್ ಬುಕ್ ಮಾಡಿ. ಆಮೇಲೆ ನಿಮ್ಮ ಖಾತೆಗೆ ಹೋಗಿ ಆ ಪ್ರಯಾಣಕ್ಕೆ ಸಂಗಾತಿಯನ್ನು ಸೇರಿಸಿ. ಇಬ್ಬರದ್ದೂ ಬೇರೆ ಬೇರೆ ಕನ್ಫರ್ಮೇಶನ್ ನಂಬರ್. ಸೇರಿಸಲು ನಾಳೆ ನಾಡಿದ್ದು ಅನ್ನಬೇಡಿ. ಸೀಟು ಉಳಿದಿದ್ದರೆ ಮಾತ್ರ ಸಂಗಾತಿಗೆ ಜಾಗ. ರಜೆಯ ದಿನಗಳಲ್ಲಿ ಸಂಜೆಗೇ ವಿಮಾನ ತುಂಬಿಹೋಗಬಹುದು.

2026ರ ಜನವರಿ 27ರಿಂದ ಸೌತ್‌ವೆಸ್ಟ್‌ನಲ್ಲೂ ಸೀಟು ನಂಬರ್ ಬಂದಿದೆ. ಮುಂಚೆ ಮೊದಲು ಹತ್ತಿದವರಿಗೆ ಬೇಕಾದ ಸೀಟು ಸಿಗುತ್ತಿತ್ತು. ಅತಿ ಅಗ್ಗದ ಬೇಸಿಕ್ ಟಿಕೆಟ್ ತಗೊಂಡರೆ ಮೊದಲೇ ಸೀಟು ಆರಿಸಲು ಆಗುವುದಿಲ್ಲ, ಪ್ರಯಾಣದ ದಿನಾಂಕ ಬದಲಿಸಲೂ ಆಗುವುದಿಲ್ಲ. ಇಂಗ್ಲಿಷ್ ಬಾರದ, ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಪಕ್ಕದಲ್ಲೇ ಕೂರುವುದು ಮುಖ್ಯ. ಅಂಥ ಪ್ರಯಾಣಕ್ಕೆ ಬೇಸಿಕ್ ಬಿಟ್ಟು ಒಂದು ಮೆಟ್ಟಿಲು ಮೇಲಿನ ಟಿಕೆಟ್ ತಗೊಳ್ಳಿ. ಅಲ್ಲಿ ಸ್ವಲ್ಪ ಜಾಸ್ತಿ ಪಾಯಿಂಟ್ಸ್ ಹೋದರೂ ಪರವಾಗಿಲ್ಲ.

ರದ್ದು ಮಾಡಬೇಕಾದರೆ ಕ್ರಮ ತಿರುಗುಮುರುಗು. ಮೊದಲು ಸಂಗಾತಿಯದ್ದು, ಆಮೇಲೆ ನಿಮ್ಮದು. ಬುಕ್ ಮಾಡಿದ ಮೇಲೂ ವಾರಕ್ಕೊಮ್ಮೆ ದರ ನೋಡುತ್ತಿರಿ. ಇಳಿದಿದ್ದರೆ ಸಂಗಾತಿಯ ಟಿಕೆಟ್ ತೆಗೆದು, ನಿಮ್ಮದನ್ನು ಕಡಿಮೆ ದರಕ್ಕೆ ಬದಲಿಸಿ, ಮತ್ತೆ ಸೇರಿಸಿ. ಹಾಗೆ ಮಾಡುವ ಮೊದಲು ವಿಮಾನದಲ್ಲಿ ಸಾಕಷ್ಟು ಸೀಟು ಇದೆಯಾ ನೋಡಿ. ಒಂದೆರಡೇ ಉಳಿದಿದ್ದರೆ ಕೈ ಹಾಕಬೇಡಿ.

ಹೆಸರಿನ ವಿಷಯ ನಮ್ಮವರಿಗೆ ಸ್ವಲ್ಪ ಸೂಕ್ಷ್ಮ. ನಮ್ಮ ಅಪ್ಪ ಅಮ್ಮಂದಿರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇರುವುದು ಸಾಮಾನ್ಯ, ಮನೆತನದ ಹೆಸರಿನ ಜಾಗ ಖಾಲಿ. ಅಂಥವರ ಅಮೆರಿಕ ವೀಸಾದಲ್ಲಿ ಆ ಒಂದು ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಇಂಗ್ಲಿಷ್ ಚುಟುಕು) ಅಂತ ಬಂದಿರುತ್ತದೆ. ಸಂಗಾತಿ ಅಂತ ಹೆಸರಿಸುವಾಗ ಮನೆಯಲ್ಲಿ ಕರೆಯುವ ಹೆಸರು, ಇನಿಶಿಯಲ್ ಏನೂ ಹಾಕಬೇಡಿ. ಪಾಸ್‌ಪೋರ್ಟ್ ಮತ್ತು ವೀಸಾ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಹಾಕಿ. ವಿಮಾನ ನಿಲ್ದಾಣದ ಭದ್ರತಾ ತಪಾಸಣೆಗೆ ಅವರ ಇಂಡಿಯಾ ಪಾಸ್‌ಪೋರ್ಟೇ ಸಾಕು. 2025ರ ಮೇ 7ರಿಂದ ಜಾರಿಗೆ ಬಂದ ರಿಯಲ್ ಐಡಿ ಅನ್ನುವ ಗುರುತಿನ ಚೀಟಿಯ ನಿಯಮದಲ್ಲೂ ಅದು ನಡೆಯುತ್ತದೆ. ದೇಶದೊಳಗಿನ ಪ್ರಯಾಣ ಅಂತ ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಹೆಜ್ಜೆ 7: ಸಂಗಾತಿಯನ್ನು ಬದಲಿಸಿ

ವರ್ಷಕ್ಕೆ ಮೂರು ಸಲ ಸಂಗಾತಿಯನ್ನು ಬದಲಿಸಬಹುದು. ಇದನ್ನು ಬಳಸದವರೇ ಜಾಸ್ತಿ. ನಮ್ಮಂಥ ಮನೆಗಳಿಗೆ ಪಾಸ್‌ನ ಜೀವಾಳವೇ ಇದು ಅಂತ ನನಗನಿಸುತ್ತದೆ.

ನನ್ನ ಲೆಕ್ಕ ಹೀಗಿತ್ತು. ಜನವರಿಯಿಂದ ಏಪ್ರಿಲ್ ತನಕ ಹೆಂಡತಿ. ಮೇ ತಿಂಗಳಲ್ಲಿ ಅಮ್ಮ ಬಂದ ತಕ್ಷಣ ಅಮ್ಮ. ಅಕ್ಟೋಬರ್‌ನಲ್ಲಿ ಅಮ್ಮ ಊರಿಗೆ ಹೊರಟ ಮೇಲೆ ಮತ್ತೆ ಹೆಂಡತಿ. ಎರಡೇ ಬದಲಾವಣೆ, ಇನ್ನೂ ಒಂದು ಉಳಿದಿತ್ತು. ಬದಲಿಸುವ ಮೊದಲು ಹಳೆಯ ಸಂಗಾತಿಯ ಹೆಸರಲ್ಲಿ ಮುಂದಿನ ಟಿಕೆಟ್ ಏನೂ ಇರಬಾರದು. ಹಾಗಾಗಿ ಜೂನ್‌ನಲ್ಲಿ ಅಮ್ಮನ ಜೊತೆ ಹೋಗುವುದಿದ್ದು, ಜುಲೈಗೆ ಹೆಂಡತಿ ಹೆಸರಲ್ಲಿ ಈಗಲೇ ಬುಕ್ ಮಾಡಿಟ್ಟಿರೋಣ ಅನ್ನುವುದು ಆಗುವುದಿಲ್ಲ. ಯಾರ ಸರದಿ ಯಾವ ತಿಂಗಳು ಅಂತ ಮೊದಲೇ ಕೂತು ಮಾತಾಡಿಕೊಳ್ಳಿ.

ಅಪ್ಪ ಅಮ್ಮ ಇಬ್ಬರೂ ಬರುವವರಿದ್ದರೆ ಗಂಡ ಹೆಂಡತಿ ಇಬ್ಬರೂ ಒಂದೊಂದು ಪಾಸ್ ಮಾಡಿಕೊಳ್ಳಬಹುದು. ಇವರ ಜೊತೆ ಅಪ್ಪ, ಅವರ ಜೊತೆ ಅಮ್ಮ. ನಾಲ್ಕು ಜನ ಹೊರಟರೆ ಎರಡು ಟಿಕೆಟ್‌ನ ಪಾಯಿಂಟ್ಸ್. ಅಪ್ಪ ಅಮ್ಮ ಇಲ್ಲದಾಗ ಅದೇ ಪಾಸ್‌ನಲ್ಲಿ ಎರಡು ಮಕ್ಕಳು. ಎರಡು ವರ್ಷ ತುಂಬದ ಮಗುವಿಗೆ ದೇಶದೊಳಗಿನ ಪ್ರಯಾಣದಲ್ಲಿ ಮಡಿಲಲ್ಲಿ ಕೂರಿಸಿಕೊಂಡರೆ ಟಿಕೆಟ್ ಬೇಡ, ಪಾಸ್ ಅದಕ್ಕೆ ವ್ಯರ್ಥ ಮಾಡಬೇಡಿ.

ಒಂದು ಮಿತಿ ನೆನಪಿರಲಿ. ನಿಮ್ಮ ಪಾಯಿಂಟ್ಸ್‌ನಿಂದ ಯಾರಿಗೆ ಬೇಕಾದರೂ ಟಿಕೆಟ್ ತೆಗೆಯಬಹುದು. ಆದರೆ ಪಾಸ್‌ನ ಸಂಗಾತಿ ನಿಮ್ಮ ಜೊತೆ ಅದೇ ವಿಮಾನದಲ್ಲಿ ಮಾತ್ರ ಬರಬಹುದು. ಅಮ್ಮನನ್ನು ಒಬ್ಬರೇ ಅಕ್ಕನ ಮನೆಗೆ ಕಳಿಸಲು ಪಾಸ್ ಆಗುವುದಿಲ್ಲ.

ಬೇರೆ ಕಂಪನಿಗಳ ಪಾಸ್

ಅಲಾಸ್ಕಾ ಏರ್‌ಲೈನ್ಸ್‌ನ ಕಾರ್ಡ್ ಇದ್ದರೆ ವರ್ಷಕ್ಕೊಮ್ಮೆ ಎರಡನೆಯವರ ಟಿಕೆಟ್ 99 ಡಾಲರ್ ಮತ್ತು ತೆರಿಗೆಗೆ ಸಿಗುವ ಕೂಪನ್ ಇದೆ. ಅದಕ್ಕೆ ಖರ್ಚಿನ ಷರತ್ತು ಇದೆ. ಮೊದಲ ಟಿಕೆಟ್ ದುಡ್ಡು ಕೊಟ್ಟೇ ತಗೊಳ್ಳಬೇಕು. ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆಯವರು ಹವಾಯಿಗೆ ಹೋಗಲು ಬಳಸಿದರೆ ಒಳ್ಳೆಯ ಲಾಭ. ಡೆಲ್ಟಾ ಏರ್‌ಲೈನ್ಸ್‌ನ ಪ್ಲಾಟಿನಂ ಮತ್ತು ರಿಸರ್ವ್ ಅಮೆಕ್ಸ್ (ಅಮೆರಿಕನ್ ಎಕ್ಸ್‌ಪ್ರೆಸ್) ಕಾರ್ಡ್‌ಗಳಲ್ಲಿ ಪ್ರತಿ ವರ್ಷ ನವೀಕರಣದ ನಂತರ ಒಂದು ಹೋಗಿಬರುವ ಸಂಗಾತಿ ಟಿಕೆಟ್ ಬರುತ್ತದೆ, ಮೊದಲ ವರ್ಷ ಇಲ್ಲ. ಶುಲ್ಕ 350 ಮತ್ತು 650 ಡಾಲರ್. ವರ್ಷಕ್ಕೆ ಒಂದೇ ಪ್ರಯಾಣ ಆದ್ದರಿಂದ ನಿಮ್ಮ ಅತಿ ದುಬಾರಿ ಪ್ರಯಾಣಕ್ಕೆ ಅದನ್ನು ಇಟ್ಟುಕೊಳ್ಳಿ.

ಬೆಂಗಳೂರಿನ ಟಿಕೆಟ್‌ಗೆ ಏನು ಮಾಡುವುದು

ಇದಕ್ಕೆ ಪಾಸ್ ಬೇಡ, ಬೇರೆ ಬಗೆಯ ಪಾಯಿಂಟ್ಸ್ ಬೇಕು. ಚೇಸ್, ಅಮೆಕ್ಸ್, ಸಿಟಿ, ಕ್ಯಾಪಿಟಲ್ ಒನ್ ಬ್ಯಾಂಕ್‌ಗಳ ಪಾಯಿಂಟ್ಸ್ ಹಲವು ವಿಮಾನ ಕಂಪನಿಗಳಿಗೆ ವರ್ಗಾಯಿಸಬಹುದು. ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂನ ಪಾಯಿಂಟ್ಸ್ ಯೋಜನೆ ಫ್ಲೈಯಿಂಗ್ ಬ್ಲೂ ಮೂಲಕ ಪ್ಯಾರಿಸ್ ಇಲ್ಲವೇ ಆಮ್‌ಸ್ಟರ್‌ಡ್ಯಾಂ ದಾರಿಯಲ್ಲಿ ಬೆಂಗಳೂರು. ಏರ್ ಕೆನಡಾದ ಅಂಥದ್ದೇ ಯೋಜನೆ ಏರೋಪ್ಲಾನ್ ಮೂಲಕ ಲುಫ್ತಾನ್ಸಾ, ಏರ್ ಇಂಡಿಯಾ. ವರ್ಜಿನ್ ಅಟ್ಲಾಂಟಿಕ್ ಮೂಲಕ ಲಂಡನ್ ದಾರಿ, 2024ರ ಮಾರ್ಚ್ ಕೊನೆಯಿಂದ ಅವರ ವಿಮಾನ ಬೆಂಗಳೂರಿಗೂ ಬರುತ್ತಿದೆ.

ಪಾಯಿಂಟ್ಸ್ ಕಡಿಮೆ ಅಂತ ಹಿಗ್ಗಬೇಡಿ, ಪಕ್ಕದಲ್ಲಿರುವ ದುಡ್ಡಿನ ಭಾಗ ನೋಡಿ. ಲಂಡನ್ ದಾರಿಯ ಕೆಲವು ಟಿಕೆಟ್‌ಗಳಿಗೆ ಇಂಧನದ ಹೆಸರಲ್ಲಿ ನೂರಾರು ಡಾಲರ್ ಕೇಳುತ್ತಾರೆ. ಏರೋಪ್ಲಾನ್ ಆ ಶುಲ್ಕ ಹಾಕುವುದಿಲ್ಲ. ಅದರಲ್ಲಿ 5,000 ಪಾಯಿಂಟ್ಸ್ ಜಾಸ್ತಿ ಕೊಟ್ಟರೆ ದಾರಿಯಲ್ಲಿ ಒಂದು ಊರಿನಲ್ಲಿ ಕೆಲವು ದಿನ ಇಳಿದುಕೊಳ್ಳಲೂಬಹುದು. ಅಪ್ಪ ಅಮ್ಮನಿಗೆ ಅಷ್ಟು ದೂರದ ಪ್ರಯಾಣ ಒಂದೇ ಏಟಿಗೆ ಕಷ್ಟ ಆದರೆ ಫ್ರಾಂಕ್‌ಫರ್ಟ್‌ನಲ್ಲಿ ಎರಡು ದಿನ ಸುಧಾರಿಸಿಕೊಳ್ಳಬಹುದು. ಅದಕ್ಕೆ ಯುರೋಪಿನ ಷೆಂಗೆನ್ ವೀಸಾ ಬೇಕು, ಮೊದಲೇ ಮಾಡಿಸಿ.

ಬೇಸಿಗೆ ರಜೆ ಮತ್ತು ಡಿಸೆಂಬರ್‌ನಲ್ಲಿ ಸೀಟು ಸಿಗುವುದು ಕಷ್ಟ. ಸುಮಾರು 11 ತಿಂಗಳು ಮುಂಚೆ ನೋಡಲು ಶುರು ಮಾಡಿ. ಫೆಬ್ರವರಿ, ಸೆಪ್ಟೆಂಬರ್ ಆದರೆ ಸಲೀಸು. ಸೀಟು ಕಣ್ಣಿಗೆ ಕಂಡ ಮೇಲೆಯೇ ಪಾಯಿಂಟ್ಸ್ ವರ್ಗಾಯಿಸಿ, ಅದಕ್ಕೆ ಮುಂಚೆ ಬೇಡ.

ಕೂಡಿಡುವ ಆಸೆಯ ಬಗ್ಗೆಯೂ ಹೇಳಬೇಕು. ಅಪ್ಪನನ್ನು ಒಂದು ಸಲ ಬ್ಯುಸಿನೆಸ್ ಕ್ಲಾಸ್‌ನಲ್ಲಿ ಕರೆಸಬೇಕು ಅಂತ ನಾನು ಒಂದು ಏರ್‌ಲೈನ್‌ನಲ್ಲಿ ಮೂರು ವರ್ಷ ಪಾಯಿಂಟ್ಸ್ ಕೂಡಿಸಿದೆ. ಇಬ್ಬರಿಗೆ ಆಗುವಷ್ಟು ಆಯಿತು ಅನ್ನುವಾಗ ಅವರು ದರ ಏರಿಸಿದರು. ಒಬ್ಬರಿಗೆ ಮಾತ್ರ ಸಾಲುತ್ತಿತ್ತು. ಇನ್ನೊಂದು ವರ್ಷ ಕಾಯೋಣ ಅಂದುಕೊಂಡೆ. ಆ ವರ್ಷ ಅಪ್ಪನ ಮಂಡಿ ಕೈಕೊಟ್ಟಿತು, ದೂರದ ಪ್ರಯಾಣ ಬೇಡ ಅಂದರು ಡಾಕ್ಟರು. ಅಪ್ಪ ಬರಲೇ ಇಲ್ಲ. ಆಮೇಲೆ ನಾನು ಯಾವ ಪಾಯಿಂಟ್ಸನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿಲ್ಲ.

ಕೊನೆಯ ಡಿಸೆಂಬರ್

ಪಾಸ್‌ನ ಎರಡನೆಯ ವರ್ಷದ ಸೆಪ್ಟೆಂಬರ್ ಬಂದಾಗ ಮತ್ತೆ ಕ್ಯಾಲೆಂಡರ್ ತೆಗೆಯಿರಿ. ಡಿಸೆಂಬರ್ 31ರ ಒಳಗೆ ಬುಕ್ ಮಾಡಿದರೆ ಸಾಲದು, ಪ್ರಯಾಣವೇ ಮುಗಿದಿರಬೇಕು. ಕ್ರಿಸ್‌ಮಸ್ ರಜೆಗೆ ಹೋಗಿ ಜನವರಿ 2ಕ್ಕೆ ಬರುವುದಾದರೆ ಹೋಗುವಾಗ ಸಂಗಾತಿಗೆ ಪಾಸ್ ಇದೆ, ಬರುವಾಗ ಇಲ್ಲ. ವಾಪಸ್ ಬರುವ ಟಿಕೆಟ್ ಪೂರ್ತಿ ದರಕ್ಕೆ ತಗೊಳ್ಳಬೇಕಾಗುತ್ತದೆ, ಅದೂ ವರ್ಷದ ಅತಿ ದುಬಾರಿ ವಾರದಲ್ಲಿ. 31ರ ಬೆಳಗಿನ ವಿಮಾನ ಹಿಡಿದು ಮನೆಗೆ ಬನ್ನಿ. ಮುಂದಿನ ಬೇಸಿಗೆಗೆ ಯಾರಾದರೂ ಊರಿನಿಂದ ಬರುವವರಿದ್ದರೆ, ಹೊಸ ಪಾಸ್‌ನ ಕೆಲಸ ಆ ಅಕ್ಟೋಬರ್‌ನಲ್ಲೇ ಶುರು ಮಾಡಿರಬೇಕು. ಕಾರ್ಡ್‌ನ ಬೋನಸ್ ಮತ್ತೆ ಪಡೆಯಲು ಎಷ್ಟು ತಿಂಗಳು ಕಳೆದಿರಬೇಕು ಅನ್ನುವುದು ಅರ್ಜಿಯ ಷರತ್ತಿನಲ್ಲಿರುತ್ತದೆ. ಕಳೆದ ಸಲ ನಿಮ್ಮ ಹೆಸರಲ್ಲಿ ತಗೊಂಡಿದ್ದರೆ ಈ ಸಲ ಹೆಂಡತಿಯ, ಇಲ್ಲವೇ ಗಂಡನ ಹೆಸರಲ್ಲಿ ಹಾಕಿ.